ಫಿಲ್ಮ್ ಹೋಯಿತು, ಕಂತು ಉಳಿಯಿತು

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಕವಿದಾಗ ಕ್ಯಾಮೆರಾದ ಮೀಟರನ್ನು ನಂಬುವಂತಿಲ್ಲ. ಸುತ್ತಲಿನ ಬಿಳುಪು ಕಂಡು ಅದು ಕಡಿಮೆ ಎಕ್ಸ್‌ಪೋಷರ್ ಹೇಳುತ್ತದೆ. ದೇವಸ್ಥಾನದ ಮುಂದೆ ನಿಂತ ಮದುಮಕ್ಕಳ ಮುಖ ಪ್ರಿಂಟಿನಲ್ಲಿ ಕಪ್ಪಿಡುತ್ತದೆ. 36 ಚಿತ್ರಗಳ ರೀಲಿನಲ್ಲಿ ಒಂದೂ ಹಾಳಾಗದಂತೆ ಒಂದು ಸ್ಟಾಪ್ ಹೆಚ್ಚಿಗೆ ಬೆಳಕು ಬಿಡುವುದನ್ನು ಕಲಿತವರು ಗುಂಡ್ಲುಪೇಟೆಯ ಸ್ಟುಡಿಯೊದವರು. ಈ ಅಂಕಣಕಾರ ಅವರಲ್ಲೊಬ್ಬ.

ಫಿಲ್ಮ್ ಕಾಲದಲ್ಲಿ ಸಂಪಾದನೆ ಚೆನ್ನಾಗಿಯೇ ಇತ್ತು. ಮದುವೆ, ಪಾಸ್‌ಪೋರ್ಟ್ ಸೈಜ್, ಚಾಮರಾಜನಗರದ ಕಪ್ಪುಶಿಲೆ ವ್ಯಾಪಾರಿಗಳ ಕ್ಯಾಟಲಾಗ್, ಸೂರ್ಯಕಾಂತಿ ಹೊಲಗಳ ಕ್ಯಾಲೆಂಡರ್. ಬಂಡೀಪುರ ದಾಟಿ ಘಾಟಿ ಹತ್ತಿದರೆ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲ್ಮಿನ ಕಾರ್ಖಾನೆಯಿತ್ತು. ಫಿಲ್ಮ್ ಇಲ್ಲದ ಕಾಲ ಬರುತ್ತದೆಂದು ಈ ರಸ್ತೆಯಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ.

2004ರಲ್ಲಿ ಅಂಕಣಕಾರ 5 ಲಕ್ಷ ಸಾಲ ಮಾಡಿ ಫಿಲ್ಮ್ ರೀಲಿನಿಂದ ಕಲರ್ ಪ್ರಿಂಟ್ ತೆಗೆಯುವ ಯಂತ್ರ ತಂದ. ಅದೇ ವರ್ಷದ ಜನವರಿಯಲ್ಲಿ ಕೊಡಾಕ್ ಅಮೆರಿಕ ಮತ್ತು ಪಶ್ಚಿಮ ಯುರೋಪಿನಲ್ಲಿ ಫಿಲ್ಮ್ ಕ್ಯಾಮೆರಾ ಮಾರಾಟ ನಿಲ್ಲಿಸುವುದಾಗಿ ಸಾರಿತ್ತು. ಭಾರತ, ಚೀನಾಗಳಲ್ಲಿ ಮುಂದುವರಿಸುವುದಾಗಿಯೂ ಹೇಳಿತ್ತು. ಆ ಎರಡನೆಯ ಮಾತೇ ಧೈರ್ಯ ಕೊಟ್ಟಿತು. 2006ರ ಜನವರಿ ಬರುವಷ್ಟರಲ್ಲಿ ನಿಕಾನ್ ತನ್ನ ಬಹುಪಾಲು ಫಿಲ್ಮ್ ಕ್ಯಾಮೆರಾಗಳನ್ನು ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಕೊನಿಕಾ ಮಿನೋಲ್ಟಾ ಫೋಟೊ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. ಇತ್ತ ಕಂತು ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು ಬಾಕಿ.

ಆ ಸಾಲ ಶೇ 12 ಫ್ಲ್ಯಾಟ್ ಬಡ್ಡಿಯದು, 60 ತಿಂಗಳು. ಲೆಕ್ಕ ನೋಡಿ. ವರ್ಷಕ್ಕೆ 60,000 ರೂಪಾಯಿಯಂತೆ ಐದು ವರ್ಷಕ್ಕೆ ಬಡ್ಡಿ 3 ಲಕ್ಷ. ಒಟ್ಟು 8 ಲಕ್ಷ, ತಿಂಗಳಿಗೆ 13,333 ರೂಪಾಯಿ. ಅದರಲ್ಲಿ ಅಸಲು 8,333, ಬಡ್ಡಿ 5,000. ಮೊದಲ ತಿಂಗಳು 5 ಲಕ್ಷದ ಮೇಲೆ 5,000 ಬಡ್ಡಿ, ಸರಿ. ಆದರೆ ಕೊನೆಯ ತಿಂಗಳು ಉಳಿದಿರುವ ಅಸಲೇ 8,333. ಅದಕ್ಕೂ 5,000 ಬಡ್ಡಿ! ಅದೇ ಶೇ 12ನ್ನು ಉಳಿದ ಅಸಲಿನ ಮೇಲಷ್ಟೇ ಹಾಕಿದ್ದರೆ ಕಂತು 11,122, ಒಟ್ಟು ಬಡ್ಡಿ ಸುಮಾರು 1.67 ಲಕ್ಷ. ವ್ಯತ್ಯಾಸ 1.33 ಲಕ್ಷ. 13,333ರ ಕಂತನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ನಿಜವಾದ ದರ ಶೇ 20.3.

ಶೇ 20ರ ಸಾಲವನ್ನು 12 ಎಂದು ಮಾರುವುದು ವ್ಯಾಪಾರವಲ್ಲ, ಕಣ್ಕಟ್ಟು. ಟ್ರ್ಯಾಕ್ಟರ್, ಹಳೇ ವಾಹನ, ಅಂಗಡಿ ಯಂತ್ರ ಕೊಳ್ಳುವವರ ಮುಂದೆ ಈ ಸಾಲ ಇಂದಿಗೂ ಬಂದು ಕೂರುತ್ತದೆ.

2004ರಲ್ಲಿ ಆ ಸಾಲ ಮಾಡುವ ಬದಲು ಮೈಸೂರಿನ ಲ್ಯಾಬಿಗೆ ರೀಲು ಕಳಿಸಬಹುದಿತ್ತು, ಹಳೆಯ ಯಂತ್ರ ಹುಡುಕಬಹುದಿತ್ತು. ಲಾಭ ಕಡಿಮೆಯಾಗುತ್ತಿತ್ತು, ಸಾಲ ಇರುತ್ತಿರಲಿಲ್ಲ.

ಸಾಲಕ್ಕೆ ಬೀಳಲು ಇನ್ನೊಂದು ಕಾರಣವೂ ಇದೆ: ಕಸುಬಿನವರು ಗಲ್ಲಾಪೆಟ್ಟಿಗೆಯ ದುಡ್ಡನ್ನೇ ಮನೆಖರ್ಚಿಗೆ ತೆಗೆಯುತ್ತಾರೆ. ಮದುವೆ ಸೀಸನ್ನಿನ ಗಳಿಕೆ ಆಷಾಢದಲ್ಲಿ ಕರಗುತ್ತದೆ, ಯಂತ್ರ ಕೆಟ್ಟಾಗ ಸಾಲ ಬೇಕಾಗುತ್ತದೆ. ದುಡಿಮೆಯ ಮೊದಲ ದಿನದಿಂದಲೇ ಮುಂದಿನ ಯಂತ್ರಕ್ಕೆಂದು ಬೇರೆ ಖಾತೆಯಲ್ಲಿ ಹಣ ಕೂಡಿಡಬೇಕು. ಈಗ ಡ್ರೋನ್, ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುತ್ತಿರುವ ಹುಡುಗರಿಗೂ ಈ ಮಾತು ಸಲ್ಲುತ್ತದೆ: ಯಂತ್ರಕ್ಕೆ ಮೂರು ವರ್ಷವಷ್ಟೇ ಕೆಲಸ ಸಿಗುವ ಭರವಸೆಯಿದ್ದರೆ ಐದು ವರ್ಷದ ಕಂತು ಒಪ್ಪಬೇಡಿ.

ಆಗ ಇಲ್ಲದ ಒಂದು ಅನುಕೂಲ ಅವರಿಗಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕ್, ಫೈನಾನ್ಸ್ ಕಂಪನಿಗಳು ವೈಯಕ್ತಿಕ ಹಾಗೂ ಸಣ್ಣ ಉದ್ದಿಮೆಯ ಹೊಸ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಪತ್ರ ಕೊಡಲೇಬೇಕು. ಅದರಲ್ಲಿ ಎಪಿಆರ್, ಅಂದರೆ ಬಡ್ಡಿ, ಶುಲ್ಕ ಎಲ್ಲ ಸೇರಿದ ನಿಜವಾದ ವಾರ್ಷಿಕ ದರ, ಎಂಬ ಸಾಲು ಇರುತ್ತದೆ. ಏಜೆಂಟ್ ಹೇಳಿದ ದರವನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಸಹಿ ಹಾಕಿ.