ರಸ್ತೆಯ ಬದಿಯ ಹುಲ್ಲಿನಲ್ಲಿ ಪಾರ್ಥೇನಿಯಂ ಕಳೆಯ ನಿವಾರಣೆ

ರಸ್ತೆಗಳ ಇಕ್ಕೆಲಗಳಲ್ಲಿ, ಸಾಲುಮರಗಳ ನಡುವೆ, ಸ್ವಾಭಾವಿಕವಾಗಿ ಬೆಳೆಯತಕ್ಕದ್ದು ಗರಿಕೆ ಮೊದಲಾದ ಹುಲ್ಲು. ಇದು ದನಕರುಗಳಿಗೆ ಮೇವಾಗುವುದಲ್ಲದೆ, ಅಂಚಿನ ಮಣ್ಣು ಮಳೆಯಲ್ಲಿ ಕೊಚ್ಚಿಹೋಗದಂತೆಯೂ ಕಾಯುತ್ತದೆ. ಈಗ ಅನೇಕ ಕಡೆಗಳಲ್ಲಿ ಈ ಹುಲ್ಲಿನ ಸ್ಥಳವನ್ನು ರೈತರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಆಕ್ರಮಿಸಿದೆ. ಅಮೇರಿಕಾ ಖಂಡದ ಈ ಸಸ್ಯವು 1955ರಲ್ಲಿ ಪುಣೆಯಲ್ಲಿ ಕಂಡುಬಂದು, ಅಲ್ಲಿಂದೀಚೆಗೆ ದೇಶದಲ್ಲೆಲ್ಲ ಹರಡಿತು. ಇದನ್ನು ಮುಟ್ಟಿದವರಲ್ಲಿ ಕೆಲವರಿಗೆ ಚರ್ಮದ ಉರಿತವೂ, ಇದರ ಪರಾಗದಿಂದ ಉಬ್ಬಸವೂ ಉಂಟಾಗುವುವು. ಮೆಂದ ಹಸುವಿನ ಹಾಲು ಕಹಿಯಾಗುತ್ತದೆ.

ಒಂದು ದೊಡ್ಡ ಗಿಡವು 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಮೊಳೆತ ಒಂದು ತಿಂಗಳಿಂದ ಒಂದೂವರೆ ತಿಂಗಳೊಳಗೆ ಹೂ ಬಿಡುತ್ತದೆ. ಆದುದರಿಂದ ಹೂ ಬಂದ ಮೇಲೆ ಕಡಿದು ರಸ್ತೆಯಲ್ಲಿ ಎಸೆಯುವುದು ಬಿತ್ತನೆ ಮಾಡಿದಂತೆಯೇ ಸರಿ; ಬೀಜವು ಗಾಡಿಯ ಚಕ್ರದ ಕೆಸರಿನೊಡನೆ ಮುಂದಿನ ಊರಿಗೆ ಹೋಗುತ್ತದೆ.

ಈ ಕಳೆಯನ್ನು ಕೊಂದು ಹುಲ್ಲನ್ನು ಉಳಿಸತಕ್ಕ ಔಷಧವು 2,4-ಡಿ ಎಂಬುದು. 1945ರಲ್ಲಿ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದ ಇದು ಸಸ್ಯದ ಬೆಳವಣಿಗೆಯ ರಸವನ್ನು ಹೋಲುತ್ತದೆ. ಅಗಲವಾದ ಎಲೆಯ ಗಿಡವು ಇದನ್ನು ಹೀರಿ, ಅಡ್ಡಾದಿಡ್ಡಿಯಾಗಿ ಬೆಳೆದು, ಕಾಂಡ ತಿರುಚಿಕೊಂಡು ಸಾಯುತ್ತದೆ. ಹುಲ್ಲಿನ ಎಲೆ ಕಿರಿದು, ನೆಟ್ಟಗಿರುವುದು. ಅದರ ಕುಡಿ ಬುಡದಲ್ಲಿ ಸುತ್ತಿಕೊಂಡ ಎಲೆಗಳೊಳಗೆ ಅಡಗಿರುತ್ತದೆ. ಔಷಧವು ಅದರೊಳಗೆ ಹೆಚ್ಚು ದೂರ ಸಾಗದೆ ನಿರುಪಯುಕ್ತವಾಗುತ್ತದೆ. ಗ್ಲೈಫೋಸೇಟ್ ಹಾಗಲ್ಲ, ಹುಲ್ಲನ್ನೂ ಸುಡುತ್ತದೆ. ಬರಿದಾದ ನೆಲದಲ್ಲಿ ಮೊದಲು ಮೊಳೆಯುವುದು ಪಾರ್ಥೇನಿಯಂ ಬೀಜವೇ. ಹುಲ್ಲನ್ನು ಉಳಿಸದ ಔಷಧವನ್ನು ರಸ್ತೆಯ ಬದಿಗೆ ತರುವುದು ನಮ್ಮ ಅಭಿಪ್ರಾಯದಲ್ಲಿ ಕೇವಲ ಹಣದ ನಷ್ಟ.

ಮುಂಗಾರಿನ ಮಳೆಗೆ ಮೊಳೆತ ಗಿಡಗಳು ನಾಲ್ಕಾರು ಎಲೆಯವಾಗಿದ್ದು ಹೂ ಬಿಡುವುದಕ್ಕೆ ಮೊದಲು ಸಿಂಪಡಿಸತಕ್ಕದ್ದು. ಸೋಡಿಯಂ ಲವಣದ ಪುಡಿಯನ್ನು ಲೀಟರ್ ನೀರಿಗೆ 8 ಗ್ರಾಂನಂತೆ ಕರಗಿಸುವುದು ವಾಡಿಕೆಯಲ್ಲಿದೆ. ಡಬ್ಬಿಯ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಅದನ್ನೇ ಅನುಸರಿಸಬೇಕು. ಎಲೆಗಳೆಲ್ಲ ತೊಯ್ಯಬೇಕು. ಸಿಂಪಡಿಸಿದ ಮೇಲೆ ಕೆಲವು ಗಂಟೆಗಳವರೆಗೆ ಮಳೆ ಬರಬಾರದು. ಮೋಡವನ್ನು ನೋಡಿ ದಿನವನ್ನು ಗೊತ್ತುಮಾಡಿಕೊಳ್ಳುವುದು ಮೇಲು.

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದಿದೆ. ರಸ್ತೆಯ ಆಚೆಗೆ ಇನ್ನೊಬ್ಬನ ಹೊಲವಿರುತ್ತದೆ. ಹತ್ತಿ, ಟೊಮ್ಯಾಟೊ, ದ್ರಾಕ್ಷಿ ಇವುಗಳಿಗೆ 2,4-ಡಿಯ ಅತ್ಯಲ್ಪ ತುಂತುರು ತಗುಲಿದರೂ ಎಲೆ ಮುದುಡಿ ಫಸಲು ಕೆಡುತ್ತದೆ. ಎಸ್ಟರ್ ಎಂಬ ರೂಪವು ಆವಿಯಾಗಿ ದೂರ ಹೋಗುವುದರಿಂದ ಇಂತಹ ಕಡೆ ಅದನ್ನು ಮುಟ್ಟಲೇಬಾರದು. ಲವಣದ ರೂಪವನ್ನೇ ಕೊಳ್ಳಬೇಕು. ಗಾಳಿ ಹೊಲದ ಕಡೆಗೆ ಬೀಸುತ್ತಿದ್ದರೆ ಕೆಲಸವನ್ನು ನಿಲ್ಲಿಸಬೇಕು. ಒತ್ತಡವನ್ನು ಕಡಮೆಮಾಡಿ, ಹನಿಗಳು ದಪ್ಪವಾಗಿ ಬೀಳುವ ಮೂತಿಯನ್ನು ಬಳಸಿ, ಅದನ್ನು ನೆಲಕ್ಕೆ ಸಮೀಪವಾಗಿ ಹಿಡಿಯತಕ್ಕದ್ದು. ಹೊಸದಾಗಿ ನೆಟ್ಟ ಸಾಲುಮರದ ಸಸಿಗಳ ಸುತ್ತ ಕೈಯಿಂದಲೇ ಕೀಳಬೇಕು. ಕಳೆನಾಶಕಕ್ಕೆ ಬಳಸಿದ ಪಂಪಿನಿಂದ ಬೆಳೆಗೆ ಬೇರೆ ಔಷಧವನ್ನು ಹೊಡೆಯುವುದು ಅಪಾಯಕರ; ಎಷ್ಟು ತೊಳೆದರೂ ಅಂಶ ಉಳಿಯುವುದುಂಟು.

ಕೆಲಸ ಮಾಡುವವರು ಕೈಚೀಲವನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸಬೇಕು. ಚೀಟಿಯಲ್ಲಿ ಹೇಳಿದಷ್ಟು ದಿನ ದನಗಳನ್ನು ಆ ಹುಲ್ಲಿಗೆ ಬಿಡಬಾರದು. ರಸ್ತೆಯು ಯಾವ ಇಲಾಖೆಗೆ ಅಥವಾ ಪಂಚಾಯತಿಗೆ ಸೇರಿದೆಯೋ ಅವರ ಒಪ್ಪಿಗೆ ಮೊದಲೇ ಇರಬೇಕು.

ಮೆಕ್ಸಿಕೊ ದೇಶದ ಝೈಗೋಗ್ರಾಮಾ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಬೋಳುಮಾಡಿರುವ ಕಡೆ ಔಷಧ ಹೊಡೆಯದೆ ಬಿಡುವುದೇ ಲೇಸು. ಬರಿದಾದ ಸ್ಥಳಗಳಲ್ಲಿ ತಗಚೆಯ ಬೀಜವನ್ನು ಎರಚುವ ಪದ್ಧತಿಯೂ ಇದೆ. ಆದರೆ ತಗಚೆಯು ಅಗಲ ಎಲೆಯದಾದುದರಿಂದ 2,4-ಡಿ ಅದನ್ನೂ ಕೊಲ್ಲುತ್ತದೆ. ಎರಡನ್ನೂ ಒಂದೇ ಕಡೆ ಬೆರೆಸಕೂಡದು. ಔಷಧ ಹೊಡೆದ ಕಡೆ ಗರಿಕೆಯ ಬೇರುತುಂಡುಗಳನ್ನು ಮಳೆಯಿರುವಾಗಲೇ ಊರಿ, ಹಿಂಗಾರಿನಲ್ಲಿ ಮತ್ತೆ ಹುಟ್ಟಿದ ಬಿಡಿ ಗಿಡಗಳನ್ನು ಹೂವಿಗೆ ಮುಂಚೆ ಬೇರುಸಹಿತ ಕಿತ್ತು ಹಾಕಬೇಕು.