ಚಳಿಯಲ್ಲಿ ತುಂಬದ ಬ್ಯಾಟರಿ: ಶಾಸ್ತ್ರಬರಹದಲ್ಲಿ ಕ್ರಿಯಾಪದದ ಆಯ್ಕೆ

ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಬರೆಯಹೊರಟವರು ಸಾಮಾನ್ಯವಾಗಿ ನಾಮಪದಗಳಿಗಾಗಿ ತಡಕಾಡುತ್ತಾರೆ. ಬ್ಯಾಟರಿಗೆ ‘ವಿದ್ಯುತ್ಕೋಶ’ ಎನ್ನಬೇಕೆ, ಚಾರ್ಜಿಂಗಿಗೆ ‘ಪೂರಣ’ ಎನ್ನಬೇಕೆ ಎಂಬ ಚರ್ಚೆಯಲ್ಲಿಯೇ ಬರಹ ನಿಂತುಹೋಗುವುದುಂಟು. ಈ ಮಾತುಗಳು ಜನರ ಬಾಯಲ್ಲಿ ಈಗಾಗಲೇ ನಡೆಯುತ್ತಿರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡರೆ ನಷ್ಟವಿಲ್ಲ. ಅರ್ಥ ಕೆಡುವುದು ಕ್ರಿಯಾಪದದಲ್ಲಿ. ಹೆಪ್ಪುಗಟ್ಟುವ ಚಳಿಯಲ್ಲಿ ವಿದ್ಯುತ್ ವಾಹನದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವ ವಿಷಯ ಇದಕ್ಕೆ ತಕ್ಕ ನಿದರ್ಶನ.

ಗುಮ್ಮಘಟ್ಟದ ಓದುಗನಿಗೆ ಈ ಚಳಿ ಅಪರಿಚಿತ. ಭೈರವಾನಿತಿಪ್ಪ ಜಲಾಶಯದ ಸುತ್ತಲಿನ ಬಯಲಿನಲ್ಲಿ ವಾಹನವನ್ನು ಕಾಡುವುದು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬೇಸಿಗೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೂ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಆದರೆ ಕನ್ನಡ ಬಲ್ಲವರೆಲ್ಲರೂ ಇಲ್ಲಿಯೇ ಇಲ್ಲ. ಕನ್ನಡ ಕುಟುಂಬಗಳು ನೆಲೆಸಿರುವ ಶಿಕಾಗೋ ನಗರದಲ್ಲಿ 2024ರ ಜನವರಿಯಲ್ಲಿ ಶೀತಗಾಳಿ ಬೀಸಿದಾಗ, ಚಾರ್ಜಿಂಗ್ ನಿಲ್ದಾಣಗಳ ಮುಂದೆ ಕಾರುಗಳು ಗಂಟೆಗಟ್ಟಲೆ ಸಾಲು ನಿಂತವು; ಕೆಲವನ್ನು ಎಳೆದೊಯ್ಯಬೇಕಾಯಿತು. ತಂತಿ ಸಿಕ್ಕಿಸಿದರೂ ಬ್ಯಾಟರಿ ಏಕೆ ತುಂಬಲಿಲ್ಲವೆಂದು ಊರಿನಲ್ಲಿರುವ ತಾಯಿತಂದೆ ಕೇಳಿದರೆ ಉತ್ತರ ಕನ್ನಡದಲ್ಲಿಯೇ ಬರಬೇಕಲ್ಲವೆ?

ತೊಡಕು ಆ ಪ್ರಶ್ನೆಯಲ್ಲಿರುವ ‘ತುಂಬು’ ಎಂಬ ಧಾತುವಿನಲ್ಲಿಯೇ ಇದೆ. ಅದನ್ನು ಕೇಳಿದೊಡನೆ ಕೊಡ, ಕಣಜ, ಕೆರೆಗಳು ನೆನಪಾಗುತ್ತವೆ. ಕೊಡಕ್ಕೆ ನೀರು ತುಂಬಲು ಚಳಿಯ ಅಡ್ಡಿಯಿಲ್ಲ. ಬ್ಯಾಟರಿಯಾದರೋ ಕೊಡವಲ್ಲ. ಅದರ ಒಂದು ಧ್ರುವದಲ್ಲಿ ಗ್ರಾಫೈಟಿನ ಪದರಗಳು ಗ್ರಂಥದ ಹಾಳೆಗಳಂತೆ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಎದುರು ಧ್ರುವದಿಂದ ಹೊರಟು, ನಡುವಿನ ದ್ರವವನ್ನು ದಾಟಿ, ಈ ಹಾಳೆಗಳ ಸಂದಿನಲ್ಲಿ ನುಸುಳಿ ನೆಲೆಸಬೇಕು. ಇಲ್ಲಿ ಒಪ್ಪುವ ಧಾತು ‘ನುಸುಳು’.

ತಾಪಮಾನ ಇಳಿದಂತೆ ನುಸುಳುವ ವೇಗ ಕುಗ್ಗುತ್ತದೆ. ಚಾರ್ಜರು ಮಾತ್ರ ಅದೇ ರಭಸದಿಂದ ದೂಡುತ್ತಿದ್ದರೆ, ಒಳಹೋಗಲಾರದ ಅಯಾನುಗಳು ಗ್ರಾಫೈಟಿನ ಮೇಲ್ಮೈಯಲ್ಲಿ ಲೋಹವಾಗಿ ಮೆತ್ತಿಕೊಳ್ಳುತ್ತವೆ. ಮೆತ್ತಿದ್ದರಲ್ಲಿ ಒಂದು ಪಾಲು ಮತ್ತೆ ಕೆಲಸಕ್ಕೆ ಬಾರದು. ಬ್ಯಾಟರಿಯ ಧಾರಣಶಕ್ತಿ ಶಾಶ್ವತವಾಗಿ ಕುಂದುತ್ತದೆ. ಒಮ್ಮೊಮ್ಮೆ ಆ ಲೋಹ ಸೂಜಿಯಂತೆ ಬೆಳೆದು, ಧ್ರುವಗಳ ನಡುವಿನ ತೆಳುಪರದೆಯನ್ನು ಚುಚ್ಚಿ, ಒಳಗೇ ಶಾರ್ಟ್ ಸರ್ಕ್ಯೂಟ್ ಆಗಬಹುದು. ‘ಮೆತ್ತು’ ಎಂಬಲ್ಲಿ ‘ಲೇಪನ’ ಎಂದು ಬರೆದರೆ, ಬೇಕೆಂದೇ ಹಚ್ಚಿದ್ದು ಎಂಬ ಭಾವ ಬಂದು ಅಪಾಯದ ಸುಳಿವೇ ಮರೆಯಾಗುತ್ತದೆ.

‘ತುಂಬು’ ಮರೆಮಾಚುವ ಇನ್ನೊಂದು ಸಂಗತಿಯಿದೆ. ಸಾಮಾನ್ಯ ಲಿಥಿಯಂ ಅಯಾನು ಕೋಶದಿಂದ ಸೊನ್ನೆಗಿಂತ 20 ಡಿಗ್ರಿ ಕೆಳಗೂ ವಿದ್ಯುತ್ತನ್ನು ಪಡೆಯಬಹುದು. ಚಾರ್ಜ್ ಮಾಡಲು ಮಾತ್ರ 0 ಡಿಗ್ರಿಯೇ ಕೆಳಮಿತಿ. ಪದರಗಳಿಂದ ಅಯಾನುಗಳು ಹೊರಬೀಳುವಾಗ ಅಲ್ಲಿ ಲೋಹ ಮೆತ್ತುವ ಪ್ರಸಂಗವಿಲ್ಲ. ಓಡುತ್ತಿದ್ದ ಕಾರು ಚಾರ್ಜಾಗಲೊಲ್ಲದ ವಿಚಿತ್ರ ಇದರಿಂದ ತಿಳಿಯಾಗುತ್ತದೆ.

0 ಎಂಬ ಅಂಕಿಯನ್ನು ಕಂಡು, ಒಳಗಿನ ದ್ರವ ನೀರಿನಂತೆ ‘ಹೆಪ್ಪುಗಟ್ಟುತ್ತದೆ’ ಎಂದು ಬರೆಯುವುದೂ ತಪ್ಪು. ಅದರಲ್ಲಿ ನೀರಿಲ್ಲ, ಸಾವಯವ ದ್ರಾವಕವಿದೆ. ಅದು ಮಂದವಾಗುತ್ತದೆ, ಅಷ್ಟೆ. 0 ಎಂಬುದು ಎಚ್ಚರಿಕೆಯ ಗೆರೆ. ಅತಿವೇಗದ ಚಾರ್ಜಿಂಗಿನಲ್ಲಿ ಅದಕ್ಕಿಂತ ಮೇಲೆಯೂ ಲೋಹ ಮೆತ್ತಬಹುದು.

ಹೀಗಾಗಿ ಅನೇಕ ಕಾರುಗಳು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡು ಆಮೇಲೆ ಚಾರ್ಜನ್ನು ಸ್ವೀಕರಿಸುತ್ತವೆ. ಅಷ್ಟು ಹೊತ್ತು ತಂತಿಯಲ್ಲಿ ಬಂದ ವಿದ್ಯುತ್ತು ಕಾಯಿಸುವುದಕ್ಕೇ ವ್ಯಯವಾಗುತ್ತದೆ. ಶಿಕಾಗೋದ ಸಾಲು ಬೆಳೆಯಲು ಇದೂ ಒಂದು ಕಾರಣ. ಗಣನೆಗೆ ಬರುವುದು ಕೋಶದ ತಾಪ, ಹೊರಗಿನ ಗಾಳಿಯದಲ್ಲ. ಆದುದರಿಂದ ರಾತ್ರಿಯಿಡೀ ಹೊರಗೆ ನಿಂತ ಕಾರಿಗಿಂತ, ಈಗತಾನೆ ಓಡಿ ಬಂದ ಕಾರನ್ನು ಚಾರ್ಜಿಗೆ ಹಚ್ಚುವುದು ಲೇಸು.

ಗುಮ್ಮಘಟ್ಟದ ಬಿಸಿಲಿಗೆ ಇದೇ ಬಗೆಯ ವಿವರಣೆಯನ್ನು ಬರೆಯುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಚಾರ್ಜಿಂಗಿನ ಮೇಲ್ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಅಲ್ಲಿ ನುಸುಳುವಿಕೆಗೆ ತಡೆಯಿಲ್ಲ, ಮೆತ್ತುವ ಭಯವೂ ಕಡಿಮೆ. ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಅದಕ್ಕೆ ‘ಸವೆ’ ಒಪ್ಪೀತೆ, ‘ಕೊಳೆ’ ಒಪ್ಪೀತೆ, ‘ಮಾಗು’ ಏಕೆ ಒಪ್ಪದು ಎಂಬುದನ್ನು ಕಾರಣಸಹಿತ ವಿವರಿಸಬೇಕು.