ಬಾಡಿಗೆಗೆ ಬರುವವರ ಪಗಾರ ಎಷ್ಟು?

ಸುರಪುರದಲ್ಲೋ ಶಹಾಪುರದಲ್ಲೋ ಒಂದು ಮನೆ ಹಿಡಿದು ಬಾಡಿಗೆಗೆ ಕೊಡಬೇಕು ಅನ್ನುವವರು ಮೊದಲು ತೆಗೆಯುವುದು ಪ್ಲಾಟಿನ ದರದ ಮಾತು. ಯಾವ ರಸ್ತೆ, ಎಷ್ಟು ಬೈ ಎಷ್ಟು, ಹೋದ ವರ್ಷ ಪಕ್ಕದ್ದು ಎಷ್ಟಕ್ಕೆ ಹೋಯಿತು. ನಾನು ತಿರುಗಿ ಕೇಳುವುದು ಒಂದೇ: ಅಲ್ಲಿ ಇರಲು ಬರುವವರ ಪಗಾರ ಎಷ್ಟು?

ಯಾದಗಿರಿ, ಶಹಾಪುರ, ಸುರಪುರ, ನಮ್ಮ ಈ ಮೂರೂ ಊರುಗಳಲ್ಲಿ ತಿಂಗಳು ತಪ್ಪದೆ ಬಾಡಿಗೆ ಕೊಡುವವರಲ್ಲಿ ನಾನು ಕಂಡಂತೆ ಹೆಚ್ಚಿನವರು ಸರ್ಕಾರಿ ನೌಕರರು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು, ಕಚೇರಿಗಳು ಬಂದವು, ಆಮೇಲೆ ಮೆಡಿಕಲ್ ಕಾಲೇಜು ಬಂತು. ಗುಮಾಸ್ತರು, ನರ್ಸುಗಳು ಮನೆ ಹುಡುಕತೊಡಗಿದರು. ಶಹಾಪುರಕ್ಕೆ ಭೀಮರಾಯನಗುಡಿಯ ನೀರಾವರಿ ಕಚೇರಿ ಮತ್ತು ಕೃಷಿ ಕಾಲೇಜಿನ ಆಸರೆ. ಸುರಪುರ, ರಂಗಂಪೇಟೆಯಲ್ಲಿ ನನಗೆ ಸಿಕ್ಕವರೆಲ್ಲ ಸಾಲಿ ಮಾಸ್ತರರು. 2024ರ ಆಗಸ್ಟ್‌ನಿಂದ ಜಾರಿಯಾದ ರಾಜ್ಯದ ಏಳನೇ ವೇತನ ಆಯೋಗದ ಲೆಕ್ಕದಲ್ಲಿ, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಮೂಲ ವೇತನ 50,000 ಇದ್ದವರ ಕೈಗೆ ಬರುವುದು 3,750 ರೂಪಾಯಿ. ಬೆಂಗಳೂರಿನಲ್ಲಾದರೆ ಶೇ 20, ಅಂದರೆ 10,000. ಇಲ್ಲಿಯವರು ಭತ್ಯೆಯ ಮೇಲೆ ಸಾವಿರ, ಎರಡು ಸಾವಿರ ಕೈಯಿಂದ ಹಾಕಿಯಾರು, ಅದರಾಚೆ ಕಷ್ಟ. ನೀವು ಇಟಾಲಿಯನ್ ಮಾರ್ಬಲ್ ಹಾಸಿದರೂ ಆ ಭತ್ಯೆ ಏರುವುದಿಲ್ಲ.

ಹಾಗಾಗಿ ನಾನು ಬಾಡಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದೆ. ಸುರಪುರದ ಹಳೆ ಊರಿನಲ್ಲಿ ನಾನು ಕೊಂಡದ್ದು ಮಣ್ಣಿನ ಮಾಳಿಗೆಯ ಮನೆ. ಕಲ್ಲಿನ ದಪ್ಪ ಗೋಡೆ, ಮುಂದೆ ಕಟ್ಟೆ, ಹಿಂದೆ ಹಿತ್ತಲು. ಬೆಲೆ 12 ಲಕ್ಷ. ಎರಡು ಪೋರ್ಷನ್ ಮಾಡಿದರೆ ಒಂದಕ್ಕೆ 4,500ರಂತೆ ತಿಂಗಳಿಗೆ 9,000 ಬರಬಹುದು ಅನ್ನುವುದು ಅಂದಾಜು. ಇದೇ ಲೆಕ್ಕವನ್ನು ಸಾಲದ ಮೇಲೆ ಇಟ್ಟು ನೋಡಿ: 10 ಲಕ್ಷಕ್ಕೆ ಶೇ 9ರ ಬಡ್ಡಿ, 15 ವರ್ಷ ಅಂದರೆ ಕಂತು 10,143 ರೂಪಾಯಿ. ಎರಡೂ ಪೋರ್ಷನ್ ತುಂಬಿದ್ದರೂ ಕಂತಿಗೆ ಸಾಲದು. ಬೆಂಗಳೂರಿನ ಯೂಟ್ಯೂಬ್ ಪಂಡಿತರು 'ಬಾಡಿಗೆಯೇ ಸಾಲ ತೀರಿಸುತ್ತದೆ' ಅನ್ನುತ್ತಾರಲ್ಲ, ಅವರನ್ನು ಒಮ್ಮೆ ರಂಗಂಪೇಟೆಗೆ ಕರೆತರಬೇಕು. ನಾನು ಕೂಡಿಟ್ಟ ದುಡ್ಡಿನಲ್ಲೇ ಕೊಂಡೆ.

ಬೆಲೆಯ ಮೇಲೆ ಸರ್ಕಾರದ ಪಾಲು ಬೇರೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿದರೆ ಪಟ್ಟಣಗಳಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಯಿತು. ಒಟ್ಟು 7.6. ಹನ್ನೆರಡು ಲಕ್ಷಕ್ಕೆ 91,200. ರಿಪೇರಿಗೆ ತೆಗೆದಿಟ್ಟ ದುಡ್ಡಿನಿಂದ ಇದನ್ನು ಕೊಟ್ಟರೆ ಮನೆ ಅರ್ಧಕ್ಕೆ ನಿಲ್ಲುತ್ತದೆ. ಹಾಗೆ ನಿಂತ ಮನೆಗಳನ್ನು ನೋಡಿದ್ದೇನೆ.

ಕಾಗದದ ವಿಷಯದಲ್ಲಿ ಮಾತ್ರ ಯಾರ ಮುಲಾಜೂ ಬೇಡ. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ, ಋಣಭಾರ ಪತ್ರ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಅಷ್ಟಕ್ಕೇ ಕೆಲವರು ನಿಶ್ಚಿಂತರಾಗುತ್ತಾರೆ. ಹಳೆ ಮನೆಯ ತೊಡಕು ಇರುವುದು ಅದರ ಹಿಂದೆ. 1948ರವರೆಗೆ ಇದು ನಿಜಾಮರ ಸೀಮೆ. ನನ್ನ ಮನೆಯ ಮೂಲ ಕಾಗದ ಉರ್ದುವಿನಲ್ಲಿತ್ತು. ನಿವೃತ್ತ ಉರ್ದು ಮಾಸ್ತರರೊಬ್ಬರ ಮುಂದೆ ಕೂತು ಚೆಕ್ಕುಬಂದಿ ಒಂದೊಂದಾಗಿ ಓದಿಸಿಕೊಂಡೆ. ಪೂರ್ವಕ್ಕೆ ಇದ್ದ ಬಾವಿ ಈಗ ರಸ್ತೆಯಾಗಿದೆ, ಉಳಿದದ್ದು ಸರಿಯಾಗಿತ್ತು. ಅದಕ್ಕಿಂತ ದೊಡ್ಡದು ವಾಟ್ನಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು, 'ಅಕ್ಕತಂಗಿಯರಿಗೆ ಮದುವೆಯಲ್ಲೇ ಕೊಟ್ಟೀವಿ' ಅಂದುಬಿಡುತ್ತಾರೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿದ್ದಿರಬೇಕೆಂಬ ನಿಯಮವೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಸಹಿ ಹಾಕದ ತಂಗಿ ಹತ್ತು ವರ್ಷದ ಮೇಲೆ ಕೋರ್ಟಿಗೆ ಬಂದರೆ ತಪ್ಪು ಆಕೆಯದಲ್ಲ.

ರಿಪೇರಿಯ ಲೆಕ್ಕ ನಾನು ಬರೆದುಕೊಂಡು ಹೋಗಿದ್ದೆ: ಟೈಲ್ಸ್, ಬಣ್ಣ, ಮುಂಬಾಗಿಲು. ಗೌಂಡಿ ಚೀಟಿ ನೋಡಲೇ ಇಲ್ಲ, ಏಣಿ ಹಾಕಿ ಮೇಲೆ ಹತ್ತಿದ. ಇಳಿದು ಬಂದು, "ಅಕ್ಕಾರ, ಮೊದಲ ನೆತ್ತಿ ನೋಡ್ರಿ, ಆಮ್ಯಾಲ ಮಾರಿ ನೋಡೋಣಂತ" ಅಂದ. ಮಾಳಿಗೆ ಸೋರಿದಾಗೆಲ್ಲ ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಮಣ್ಣು ಹಾಕಿ ಬಡಿಯುವುದು ನಮ್ಮ ಕಡೆಯ ರೂಢಿ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಗೆದು ನೋಡಿದರೆ ಮೊಳಕ್ಕೂ ಮಿಕ್ಕಿ ಮಣ್ಣು ಕೂತಿತ್ತು, ಅದರ ಭಾರಕ್ಕೆ ನಡುಮನೆಯ ಜಂತಿ ಬಾಗಿತ್ತು. ಎಲ್ಲ ಕೆಡವಿ ಸ್ಲ್ಯಾಬ್ ಹಾಕಿಸುವ ಆಸೆ ನನಗೂ ಇತ್ತು. ಆದರೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ ಸ್ಲ್ಯಾಬಿನ ಭಾರ ತಡೆಯಬೇಕಾದರೆ ಮೇಲೆ ಕಾಂಕ್ರೀಟ್ ಬೆಡ್ ಕೊಡಬೇಕು, ಇಲ್ಲವೆ ಕಾಲಂ ಎಬ್ಬಿಸಬೇಕು. ಮುಂದಿನ ಎರಡು ಖೋಲಿಗೆ ಮಣ್ಣು ಇಳಿಸಿ, ಜಂತಿ ಬದಲಿಸಿ ಮಾಳಿಗೆಯನ್ನೇ ಉಳಿಸಿಕೊಂಡೆವು. ಮೇ ತಿಂಗಳ ಬಿಸಿಲಲ್ಲಿ ಸ್ಲ್ಯಾಬಿನ ಕೆಳಗೆ ಮಲಗಿದವರಿಗೆ ಅದರ ಬೆಲೆ ಗೊತ್ತು. ಹಿಂದೆ ಅಡುಗೆಮನೆ, ಬಚ್ಚಲಿಗೆ ಹೊಸ ಗೋಡೆ ಎಬ್ಬಿಸಿ ಸ್ಲ್ಯಾಬ್ ಹಾಕಿಸಿದೆವು. ನೆಲಕ್ಕೆ ಶಹಾಬಾದ್ ಪರಸಿ ಆಗಲೇ ಇತ್ತು, ಸಂದು ತುಂಬಿ ಉಜ್ಜಿಸಿದ್ದಷ್ಟೆ. ಟೈಲ್ಸ್ ದುಡ್ಡು ಉಳಿಯಿತು.

ನೋಡಲು ಬಂದ ಹೆಣ್ಣುಮಕ್ಕಳು ಕೇಳಿದ್ದು ನೀರು, ಒಳಗಿನ ಬಚ್ಚಲು, ಬೇರೆ ಮೀಟರು. ಸುರಪುರದಲ್ಲಿ ಸಂಪ್ ತೋಡುತ್ತೇನೆ ಅಂದರೆ ಕೈಗೆ ಬಂಡೆ ಸಿಗುತ್ತದೆ, ಕಂಪ್ರೆಸರ್ ತರಿಸಬೇಕು. ಹಿತ್ತಲಲ್ಲಿ ನೆಲದ ಮೇಲೆಯೇ ತೊಟ್ಟಿ ಕಟ್ಟಿಸಿದೆ. ಶಹಾಪುರದ ಕಡೆಯ ಎರೆಭೂಮಿ ಲೇಔಟುಗಳಲ್ಲಿ ಇದಕ್ಕೆ ಉಲ್ಟಾ: ಅಗೆಯುವುದು ಸಲೀಸು, ಆದರೆ ಪಾಯ ಗರಸು ಮುಟ್ಟದಿದ್ದರೆ ಗೋಡೆ ಬಿರಿಯುತ್ತದೆ. ಅಲ್ಲಿ ಮನೆ ನೋಡುವವರು ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಇದೆಯೇ ನೋಡಬೇಕು. ಬಣ್ಣ ಹೊಸದಾಗಿದ್ದರೆ ಇನ್ನೂ ಹತ್ತಿರ ಹೋಗಿ. ಮೀಟರಿನ ಮಾತು ಸಣ್ಣದಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆದಾರರಿಗೂ ಅದು ಸಿಗುತ್ತದೆ, ಆದರೆ ಅವರ ಪೋರ್ಷನ್ನಿಗೆ ಬೇರೆ ಆರ್‌.ಆರ್. ನಂಬರ್ ಇರಬೇಕು. ಜೆಸ್ಕಾಂನಲ್ಲಿ ಎರಡನೇ ಮೀಟರಿಗೆ ಕಟ್ಟಿದ ದುಡ್ಡು ನನ್ನ ಇಡೀ ರಿಪೇರಿಯಲ್ಲಿ ಬೇಗ ವಾಪಸ್ ಬಂದ ದುಡ್ಡು.

ಎಲ್ಲ ಸೇರಿ ಮನೆಗೆ 18 ಲಕ್ಷ ಬಿತ್ತು. ವರ್ಷದ ಬಾಡಿಗೆ 1,08,000, ಅಂದರೆ ಶೇ 6. ವರ್ಗಾವಣೆಯ ಜೂನ್‌ನಲ್ಲಿ ಒಂದು ಪೋರ್ಷನ್ ಖಾಲಿ ಬೀಳುತ್ತದೆ. ನಗರಸಭೆ ತೆರಿಗೆ, ಸುಣ್ಣಬಣ್ಣ ಕಳೆದರೆ ಐದರ ಆಸುಪಾಸು. ತೆರಿಗೆಯ ಲೆಕ್ಕದಲ್ಲಿ ಸ್ವಲ್ಪ ಅನುಕೂಲವಿದೆ: ಕಟ್ಟಿದ ಮನೆ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30 ಆದಾಯ ತೆರಿಗೆಗೆ ಬರುವುದಿಲ್ಲ, ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ. ಠೇವಣಿಯ ಬಡ್ಡಿಗೆ ಈ ರಿಯಾಯಿತಿ ಇಲ್ಲ. ಆದರೂ ಬರೀ ತಿಂಗಳ ಆದಾಯ ಬೇಕಾದವರಿಗೆ ಠೇವಣಿಯೇ ಸುಖ. ಜಾಗದ ಬೆಲೆ ಏರೀತು ಎಂಬ ನಂಬಿಕೆ, ಗೌಂಡಿಯ ಹಿಂದೆ ಓಡಾಡುವ ತಾಳ್ಮೆ ಎರಡೂ ಇದ್ದವರಿಗಷ್ಟೇ ಈ ಉದ್ಯೋಗ.

ಈಗ ಶಹಾಪುರದಲ್ಲಿ ಇನ್ನೊಂದು ಹಳೆ ಮನೆ ನೋಡಿಟ್ಟಿದ್ದೇನೆ. ಗೋಡೆ ಗಟ್ಟಿ, ನೀರು ಇದೆ, ಬೆಲೆಯೂ ಒಪ್ಪಿಗೆ. ಮಾರುವವರ ಹಿರಿಯಕ್ಕ ಪುಣೆಯಲ್ಲಿದ್ದಾರೆ, ಅವರ ಸಹಿ ಬಾಕಿ. ದಲಾಲ ದಿನಾ ಫೋನ್ ಮಾಡಿ, "ಮುಂಗಡ ಕೊಟ್ಟು ಇಡ್ರಿ ಅಕ್ಕಾರ, ಬ್ಯಾರೆಯವರು ಕೇಳಾಕತ್ಯಾರ" ಅನ್ನುತ್ತಾನೆ. ಕೇಳಲಿ, ಸಹಿ ಬರುವ ತನಕ ಒಂದು ರೂಪಾಯಿಯೂ ಇಲ್ಲ ಅಂದಿದ್ದೇನೆ.